ಹೊಂಗೆ ಮರದ ಕೆಳಗೆ ನಿಲ್ಲಿಸಿದವರು

ನಾನು ಪಾಠ ಮಾಡುತ್ತಿದ್ದ ಪದ್ಯ ಇಂಗ್ಲಿಷಿನದು ಎಂದರೆ ಇಂಗ್ಲಿಷರೇ ನಂಬುವುದಿಲ್ಲ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷು ಅದು. ಈಗಿನ ಇಂಗ್ಲೆಂಡಿನವನ ಮುಂದೆ ನಾಲ್ಕು ಸಾಲು ಓದಿದರೆ ಅವನೂ ನಮ್ಮ ಮಳವಳ್ಳಿ ಹುಡುಗರ ಹಾಗೆಯೇ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಅಂಥದ್ದನ್ನು ಮಳವಳ್ಳಿಯಲ್ಲೂ ಮಂಡ್ಯದಲ್ಲೂ ಒಟ್ಟು ಒಂಬತ್ತು ವರ್ಷ ಹೇಳಿಕೊಟ್ಟೆ. ಈಗ ನನ್ನ ಅಣ್ಣನ ಮೊಮ್ಮಗಳು ಹೈಸ್ಕೂಲಿಗೆ ಇಂಗ್ಲಿಷ್ ಮೇಡಂ ಆಗಿ ಸೇರಿದ್ದಾಳೆ. "ತಾತ, ಕ್ಲಾಸಿನಲ್ಲಿ ನಿಂತಾಗ ನಿಜಕ್ಕೂ ಏನಾಗುತ್ತೆ ಅಂತ ಬರೆದುಕೊಡಿ" ಎಂದಳು. ಬಡ್ತಿ, ವರ್ಗ, ಇನ್‌ಕ್ರಿಮೆಂಟು ಎಲ್ಲ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿವೆ. ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಅಲ್ಲಿಲ್ಲದ್ದನ್ನು ಮಾತ್ರ ಬರೆಯುತ್ತೇನೆ.

ನಮ್ಮ ಮನೆ ಮದ್ದೂರು ಪೇಟೆಯಲ್ಲಿತ್ತು. ಅಬ್ಬಾ ಕಬ್ಬಿನ ಗಾಣ ರಿಪೇರಿ ಮಾಡುತ್ತಿದ್ದರು. ಆಲೆಮನೆಗಳ ಕಾಲ ಬಂತೆಂದರೆ ಅವರಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ; ಸುತ್ತಿನ ಯಾವ ಹಳ್ಳಿಯ ಯಾವ ಗೌಡರ ಗಾಣದ ಹಲ್ಲು ಎಲ್ಲಿ ಸವೆದಿದೆ ಎನ್ನುವುದು ಬಾಯಿಪಾಠ. ನನ್ನನ್ನು ಮೈಸೂರಿಗೆ ಆನರ್ಸ್ ಓದಲು ಕಳಿಸಿದರು. ಮುಗಿಸಿಕೊಂಡು ಬಂದ ದಿನ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿದರು, "ಏನು ಓದಿದೆ ಮಗಾ?"

"ಹಳೇ ಇಂಗ್ಲಿಷು ಅಬ್ಬಾ."

"ಯಾಕೆ, ಹೊಸದು ಖಾಲಿಯಾಗಿತ್ತಾ?"

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಮಳವಳ್ಳಿಯಲ್ಲಿ ಕೆಲಸ ಸಿಕ್ಕಿತು. ಇಂಗ್ಲಿಷ್ ಪಠ್ಯದಲ್ಲಿ ಆ ಹಳೆಯ ವೀರಕಾವ್ಯದ ಕಥೆಯನ್ನು ಹನ್ನೊಂದು ಪುಟದ ಗದ್ಯವಾಗಿ ಇಳಿಸಿ ಹಾಕಿದ್ದರು. ಮುದಿರಾಜನೊಬ್ಬ ಬೆಂಕಿ ಉಗುಳುವ ಸರ್ಪದ ಮೇಲೆ ಯುದ್ಧಕ್ಕೆ ಹೋಗುತ್ತಾನೆ. ಹನ್ನೊಂದು ಮಂದಿ ಯೋಧರು ಜೊತೆಗಿರುತ್ತಾರೆ. ಬೆಂಕಿ ಕಂಡದ್ದೇ ಹತ್ತು ಮಂದಿ ಕಾಡಿಗೆ ಓಡುತ್ತಾರೆ. ಒಬ್ಬ ಮಾತ್ರ ನಿಲ್ಲುತ್ತಾನೆ. ಸರ್ಪವೂ ಸಾಯುತ್ತದೆ, ರಾಜನೂ ಸಾಯುತ್ತಾನೆ. ಕಥೆ ಇಷ್ಟೇ. ಬೇರೆ ಮೇಷ್ಟ್ರುಗಳು ಇದನ್ನು ಎರಡು ಪೀರಿಯಡ್ಡಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಮೂಲದ ಪದ್ಯವೇ ತಲೆಯಲ್ಲಿತ್ತಲ್ಲ, ಬಿಟ್ಟೇನೆ? ಮೂರು ವಾರ ಎಳೆದೆ.

ಮೊದಲ ವರ್ಷ ಪೂರ್ತಿ ಸೋತೆ. ಬೋರ್ಡಿನ ಮೇಲೆ ಛಂದಸ್ಸಿನ ಗೆರೆಗಳನ್ನು ಎಳೆದೆ, ನೋಟ್ಸ್ ಬರೆಸಿದೆ, ಹುಡುಗರು ಆಕಳಿಸಿದರು. ರಾಜ ತನ್ನ ಯೋಧರನ್ನು ಸಭಾಮಂಟಪದಲ್ಲಿ ಕೂರಿಸಿ ಜೇನಿನ ಮದ್ಯ ಹಂಚುತ್ತಿದ್ದ ಎಂದಾಗ ಹಿಂದಿನ ಬೆಂಚಿನವನೊಬ್ಬ ಎದ್ದು, "ಹೆಂಡ ಕುಡಿಸ್ಬುಟ್ಟು ಸರ್ಪದ ಮುಂದಕ್ಕೆ ಕರ್ಕೊಂಡೋದ್ರೆ ಓಡ್ದೆ ಇನ್ನೇನ್ ಸಾ ಮಾಡ್ತಾರೆ?" ಎಂದ. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಸಿಟ್ಟಾಗಿ ಅವನನ್ನು ಕೂರಿಸಿದೆ. ಇವತ್ತು ನೆನೆದರೆ ಆ ವರ್ಷ ಯಾರಾದರೂ ಕಾವ್ಯದ ಒಳಗೆ ಕಾಲಿಟ್ಟಿದ್ದರೆ ಅವನೊಬ್ಬನೇ.

ಸಮುದ್ರದ ವರ್ಣನೆಯೂ ತೊಡಕಾಯಿತು. ಹುಡುಗರಲ್ಲಿ ಒಬ್ಬನೂ ಸಮುದ್ರ ಕಂಡವನಲ್ಲ. ಮೇಷ್ಟ್ರೂ ಕಂಡಿರಲಿಲ್ಲ, ಅದನ್ನು ನಾನು ಹೇಳಲಿಲ್ಲ. ಕೊನೆಗೆ ಗಾಡಿ ಕಟ್ಟಿಸಿ ಎಲ್ಲರನ್ನೂ ಮುತ್ತತ್ತಿಗೆ ಕರೆದುಕೊಂಡು ಹೋದೆ. ಕಾವೇರಿ ಕೆಂಪಗೆ ತುಂಬಿ ಬಂಡೆಗಳ ನಡುವೆ ನುಗ್ಗುತ್ತಿತ್ತು. "ಆಚೆ ದಡ ಕಾಣಬಾರದು ಅಂತ ಕಣ್ಣು ಅರ್ಧ ಮುಚ್ಚಿಕೊಂಡು ನೋಡಿ, ಅದೇ ಸಮುದ್ರ" ಎಂದೆ. ಮೂವತ್ತು ಹುಡುಗರು ಸಾಲಾಗಿ ನಿಂತು ಕಣ್ಣು ಅರ್ಧ ಮುಚ್ಚಿಕೊಂಡರು. ಆಂಜನೇಯನ ಗುಡಿಗೆ ಬಂದಿದ್ದ ಹೆಂಗಸೊಬ್ಬಳು, "ಪಾಪ, ಎಲ್ಲಾವ್ಕೂ ಕಣ್ ಬ್ಯಾನೆ ಬಂದೈತೆ ಕಣಮ್ಮ" ಎಂದು ತನ್ನ ಜೊತೆಯವಳಿಗೆ ಹೇಳಿದಳು. ಆ ಹುಡುಗರನ್ನು ನೆನೆದರೆ ಈಗಲೂ ಪ್ರೀತಿ ಉಕ್ಕುತ್ತದೆ.

ಛಂದಸ್ಸನ್ನು ನನಗೆ ಬಿಡಿಸಿಕೊಟ್ಟವರು ಮಳವಳ್ಳಿಯ ಇಬ್ಬರು ಹೆಂಗಸರು. ನಾನು ಬಾಡಿಗೆಗಿದ್ದ ಮನೆಯ ಎದುರು ಅವರು ಒಂದೇ ಒರಳಿಗೆ ಎರಡು ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರು. ಒಬ್ಬಳದೊಂದು ಏಟು, ಇನ್ನೊಬ್ಬಳದೊಂದು ಏಟು. ಒಂದು ಉಸಿರು ತಡೆದು ಮತ್ತೆ ಎರಡು ಏಟು. ಹಲ್ಲುಜ್ಜುತ್ತಾ ನಿಂತಿದ್ದವನು ಹಾಗೇ ನಿಂತುಬಿಟ್ಟೆ. ಆ ಹಳೆಯ ಪದ್ಯದ ಸಾಲೂ ಹೀಗೆಯೇ: ಎರಡು ಏಟು, ನಡುವೆ ಉಸಿರು, ಮತ್ತೆರಡು ಏಟು. ಮೊದಲ ಮೂರು ಏಟು ಬೀಳುವ ಮಾತುಗಳು ಒಂದೇ ದನಿಯಿಂದ ಶುರುವಾಗಬೇಕು. ನಾಲ್ಕನೆಯದು ಬೇರೆ. ಅವತ್ತು ಕ್ಲಾಸಿಗೆ ಹೋದವನೇ ಬೋರ್ಡು ಒರೆಸಿ, ಹುಡುಗರಿಗೆ ಬೆಂಚು ಕುಟ್ಟಲು ಹೇಳಿ, ಕನ್ನಡದಲ್ಲೇ ಅಂಥ ಒಂದು ಸಾಲು ಕಟ್ಟಿ ಹಾಡಿದೆ:

ಕತ್ತಿ ಕೆಳಗಿಟ್ಟು — ಕಾಡಿಗೆ ಓಡಿದರು!

ಕೋಣೆ ಅದುರಿಹೋಯಿತು. ಒಂದು ವಾರದಲ್ಲಿ ಹುಡುಗರು ತಾವೇ ಸಾಲು ಕಟ್ಟತೊಡಗಿದರು. ತರಗತಿಯ ಅರ್ಧದಷ್ಟು ಸಾಲು ನನ್ನ ಮೇಲೆಯೇ ಇದ್ದವು. ಇನ್‌ಸ್ಪೆಕ್ಟರು ಬಂದ ದಿನ ಈ ಕುಟ್ಟಾಟ ಜೋರಾಗಿ ನಡೆದಿತ್ತು. ಅವರು ಬಾಗಿಲಲ್ಲಿ ನಿಂತು, "ಇದು ಇಂಗ್ಲಿಷ್ ಕ್ಲಾಸೋ ಭಜನೆ ಮನೆಯೋ?" ಎಂದರು. ನಾನು ಛಂದಸ್ಸು ವಿವರಿಸಲು ಹೋಗಿ ತೊದಲಿದೆ. ಅವರು ನನ್ನ ಮೇಲೆ ಏನು ಬರೆದರೋ ತಿಳಿಯದು, ಹೋಗುವಾಗ ಮಾತ್ರ ಕೋಲಿನಿಂದ ಬಾಗಿಲಿಗೆ ಎರಡು, ತಡೆದು ಇನ್ನೆರಡು ಏಟು ಹಾಕಿ ಹೋದರು.

ನಲವತ್ತೆರಡರ ಹೊತ್ತಿಗೆ ನಾನು ಮಂಡ್ಯದ ಹೈಸ್ಕೂಲಿಗೆ ಬಂದಿದ್ದೆ. ಮದ್ದೂರಿನ ಮನೆಯಿಂದಲೇ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಯುದ್ಧದಿಂದಾಗಿ ಕಾಗದಕ್ಕೆ ಬರ ಬಂದು ಪಠ್ಯಪುಸ್ತಕ ಐದು ಹುಡುಗರಿಗೆ ಒಂದು ಸಿಕ್ಕರೆ ಹೆಚ್ಚು. ಉಳಿದವರು ಪಾಠವನ್ನು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು. ಹೆಡ್‌ಮಾಸ್ಟರು ಮಿತಭಾಷಿ, ಶಿಸ್ತಿನ ಮನುಷ್ಯ. ಗಡಿಯಾರದ ಮುಳ್ಳಿಗಿಂತ ಐದು ನಿಮಿಷ ಮುಂದಿರುತ್ತಿದ್ದರು. ಹೊಡೆಯುವುದು ಅವರಿಗೆ ಹಿಡಿಸದು. "ಬೆತ್ತ ಬೇಡ, ಬೇರೇನಾದರೂ ದಾರಿ ಹುಡುಕಿಕೊಳ್ಳಿ" ಎಂದು ನಮಗೆಲ್ಲ ಹೇಳಿದ್ದರು.

ನಾನು ಹುಡುಕಿಕೊಂಡ ದಾರಿ ಇದು. ಕ್ಲಾಸಿನ ಕಿಟಕಿಯಾಚೆ ದೊಡ್ಡ ಹೊಂಗೆ ಮರವಿತ್ತು. ಅದಕ್ಕೆ 'ಕಾಡು' ಎಂದು ಹೆಸರಿಟ್ಟೆ. ತಡವಾಗಿ ಬಂದವರು, ಪಾಠ ಬರೆದುಕೊಂಡು ಬರದವರು ಕಾಡಿಗೆ ಹೋಗಿ ನಿಲ್ಲಬೇಕು. ಅವರು ನಡೆದುಹೋಗುವಾಗ ಕ್ಲಾಸಿಗೆ ಕ್ಲಾಸೇ ಬೆಂಚು ಕುಟ್ಟಿ, 'ಕತ್ತಿ ಕೆಳಗಿಟ್ಟು — ಕಾಡಿಗೆ ಓಡಿದರು' ಎಂದು ಹಾಡುತ್ತಿತ್ತು. ಹೋಗುವವರೂ ನಗುತ್ತಲೇ ಹೋಗುತ್ತಿದ್ದರು. ಓಡಿದ ಹತ್ತು ಮಂದಿಯನ್ನು ನಾನು ಬಣ್ಣಿಸುವ ರೀತಿ ಕೇಳಲು ಪಕ್ಕದ ಕ್ಲಾಸಿನವರೂ ಕಿವಿಗೊಡುತ್ತಿದ್ದರು. ಅನ್ನ ಹಾಕಿದವನಿಗೆ ಬೆನ್ನು ತೋರಿಸಿದ ಹೇಡಿಗಳು, ಅವರ ಮಕ್ಕಳ ಮುಖವನ್ನೂ ಯಾರೂ ನೋಡಬಾರದು ಎಂದೆಲ್ಲ ಕೈ ಬೀಸಿ ಹೇಳುತ್ತಿದ್ದೆ. ನನ್ನ ಬೋಧನಾ ಕ್ರಮದ ಬಗ್ಗೆ ಆಗ ನನಗೆ ಬಹಳ ಹೆಮ್ಮೆ.

ಸಿದ್ದೇಗೌಡ ಎಂಬ ಹುಡುಗ ಎಸ್.ಎಸ್.ಎಲ್.ಸಿ.ಗೆ ಬಂದದ್ದು ಯುದ್ಧ ಮುಗಿದ ಮೇಲೆ. ಆತಗೂರು ಹೋಬಳಿಯ ಹಳ್ಳಿಯವನು. ಬೆಳಿಗ್ಗೆ ಮದ್ದೂರಿಗೆ ನಡೆದುಬಂದು ನನ್ನ ರೈಲನ್ನೇ ಹಿಡಿಯುತ್ತಿದ್ದ. ಹತ್ತೊಂಬತ್ತು ವರ್ಷ, ಮೀಸೆ ಬಂದಿತ್ತು. ಮಾತು ಕಡಿಮೆ, ಆದರೆ ಅವನ ಹಾಗೆ ಕಿವಿ ಇದ್ದ ಶಿಷ್ಯನನ್ನು ನಾನು ಕಂಡಿಲ್ಲ. ಹಳೆಯ ಇಂಗ್ಲಿಷಿನ ಸಾಲು ಒಮ್ಮೆ ಹೇಳಿದರೆ ಅರ್ಥ ಗೊತ್ತಿಲ್ಲದೆಯೇ ಏಟು ತಪ್ಪದಂತೆ ತಿರುಗಿ ಹೇಳುತ್ತಿದ್ದ. ಅವನ ಊರಿನವನೇ ಆದ ರಾಮಲಿಂಗು ಕೂಡ ಅದೇ ಕ್ಲಾಸಿನಲ್ಲಿದ್ದ. ರಾಮಲಿಂಗು ತೀರಿಹೋದ ಪಟೇಲರ ಮಗ. ಮಂಡ್ಯದಲ್ಲೇ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ. ಇಬ್ಬರೂ ಒಂದೇ ಊರಿನವರಾದರೂ ಒಂದು ಮಾತು ಆಡಿದ್ದನ್ನು ನಾನು ನೋಡಲಿಲ್ಲ. ನೋಡಲಿಲ್ಲ ಎನ್ನುವುದನ್ನು ಗಮನಿಸಲೂ ಇಲ್ಲ.

ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು. ಅವತ್ತು ರೈಲಿನಲ್ಲಿ ಸಿದ್ದೇಗೌಡ ಕಾಣಲಿಲ್ಲ. ಮಧ್ಯಾಹ್ನ ಓಡಿದ ಹತ್ತು ಮಂದಿಯ ಭಾಗವನ್ನು ಪಾಠ ಮಾಡುತ್ತಿದ್ದಾಗ ಬಾಗಿಲಿಗೆ ಬಂದು ನಿಂತ. ಮೊಣಕಾಲವರೆಗೂ ಧೂಳು. ನಾನು ಏನೂ ಕೇಳಲಿಲ್ಲ. ಕಥೆಯ ರಭಸದಲ್ಲಿದ್ದೆ; ತೋಳು ಚಾಚಿ ಹೊಂಗೆ ಮರ ತೋರಿಸಿದೆ. ಕ್ಲಾಸು ಬೆಂಚು ಕುಟ್ಟಿ ಹಾಡಿತು. ಹಾಡು ನಿಂತ ಮೇಲೆ ರಾಮಲಿಂಗು ತಣ್ಣಗೆ ಹೇಳಿದ, "ಅವನಿಗೆ ದಾರಿ ತೋರಿಸ್ಬೇಕಾಗಿಲ್ಲ ಸಾ. ಅವ್ರಪ್ಪ ಓಡಿರೋ ಜಾಗನೇ ಅದು."

ಯಾರೂ ನಗಲಿಲ್ಲ. ಸಿದ್ದೇಗೌಡ ಮರದವರೆಗೆ ನಡೆದ, ಅಲ್ಲಿ ನಿಲ್ಲದೆ ಗೇಟು ದಾಟಿ ಹೋದ. ಕೈಯಿಂದ ಬರೆದ ಅವನ ಪಾಠದ ಪುಸ್ತಕ ಬಾಗಿಲ ಬಳಿ ಬಿದ್ದಿತ್ತು. ತೆಗೆದು ನೋಡಿದರೆ ಹನ್ನೊಂದು ಪುಟವನ್ನೂ ಒಂದು ತಪ್ಪಿಲ್ಲದೆ ನಕಲು ಮಾಡಿದ್ದ. ಅವತ್ತು ರೈಲು ತಪ್ಪಿಹೋಗಿ, ಬೆಲ್ಲದ ಗಾಡಿ ಹತ್ತಿ ಹನಕೆರೆಯವರೆಗೆ ಬಂದು, ಅಲ್ಲಿಂದ ರೈಲು ಕಂಬಿಯ ಮೇಲೆ ನಡೆದುಕೊಂಡೇ ಮಂಡ್ಯ ಸೇರಿದ್ದ ಎನ್ನುವುದು ಆಮೇಲೆ ತಿಳಿಯಿತು.

ಹತ್ತು ದಿನವಾದರೂ ಅವನು ಬರಲಿಲ್ಲ. ಪರೀಕ್ಷೆ ಹತ್ತಿರವಿತ್ತು, ಈ ವರ್ಷ ಕೂರದಿದ್ದರೆ ಆ ಮನೆಯಿಂದ ಅವನನ್ನು ಮತ್ತೆ ಓದಿಗೆ ಕಳಿಸುವುದು ಸುಳ್ಳು. ರಾಮಲಿಂಗುವನ್ನು ಕರೆದು ಕೇಳಿದರೆ, "ನಮ್ಮೂರಿನ ಇಷ್ಯ ಸಾ ಅದು" ಎಂದು ತುಟಿ ಬಿಗಿದ. ಕೊನೆಗೆ ನಡೆದದ್ದನ್ನೆಲ್ಲ ಹೇಳಿ ಅಬ್ಬಾನನ್ನು ಕೇಳಿದೆ. ಅವರು ಸ್ಪ್ಯಾನರು ಕೆಳಗಿಟ್ಟರು.

"ಬಲೆ ಬಿಟ್ಟ ಕಾಳೇಗೌಡನ ಮಗನಾ? ಅಯ್ಯೋ ಮಗಾ, ಎಂಥ ಕೆಲಸ ಮಾಡಿದೆ."

ಅವರು ಹೇಳಿದ್ದು ಇಷ್ಟು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಆ ಊರಿನವರು ಒಟ್ಟಾಗಿ ಹಂದಿ ಬೇಟೆಗೆ ಹೋಗುತ್ತಾರೆ. ಪೊದೆಯ ಒಂದು ಬದಿಗೆ ಬಲೆ ಕಟ್ಟಿ, ಬಲೆಯ ಗೂಟಕ್ಕೊಬ್ಬರಂತೆ ಈಟಿ ಹಿಡಿದು ನಿಲ್ಲುತ್ತಾರೆ. ಏನೇ ಬರಲಿ, ಗೂಟ ಬಿಡಬಾರದು. ಸಂಜೆ ಮಾಂಸವನ್ನು ಗುಡ್ಡೆ ಹಾಕಿ, ಮುತ್ತುಗದ ಎಲೆಯಲ್ಲಿ ಕಟ್ಟಿ, ಮನೆಗೊಂದು ಪಾಲು ಕೊಡುತ್ತಾರೆ. ಬೇಟೆಗೆ ಬಂದ ನಾಯಿಗೂ ಒಂದು ಪಾಲುಂಟು. ಗೂಟ ಬಿಟ್ಟು ಓಡಿದವನ ಮನೆಗೆ ಮಾತ್ರ ಪಾಲಿಲ್ಲ, ಅವನು ಬದುಕಿರುವವರೆಗೂ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಗಾಯಗೊಂಡ ಒಂದು ದೊಡ್ಡ ಹಂದಿ ಬಲೆಗೆ ನುಗ್ಗಿದಾಗ ಪಟೇಲರ ಅಕ್ಕಪಕ್ಕದ ನಾಲ್ಕು ಜನ ಓಡಿದರು. ಪಟೇಲರೂ ಅವರ ನಾಯಿಯೂ ಇಬ್ಬರೇ ನಿಂತರು, ಇಬ್ಬರೂ ಸತ್ತರು. ಓಡಿದವರಲ್ಲಿ ಮೂವರು ಊರನ್ನೇ ಬಿಟ್ಟು ಹೋದರು. ಉಳಿದವನು ಕಾಳೇಗೌಡ ಒಬ್ಬ.

"ಆ ನಾಯಿಯ ಮರಿಗಳ ಮರಿಗಳಿಗೂ ಇವತ್ತಿಗೂ ಪಾಲು ಸಿಗುತ್ತೆ" ಎಂದರು ಅಬ್ಬಾ. "ಕಾಳೇಗೌಡನಿಗಿಲ್ಲ. ಊರಿನ ಬಲೆ ನೇಯೋನು ಮಾತ್ರ ಈಗಲೂ ಅವನೇ."

ಹೇಡಿಗಳ ಮಕ್ಕಳ ಮುಖವನ್ನೂ ಯಾರೂ ನೋಡಬಾರದು ಎಂದು ಆ ಹುಡುಗನ ಎದುರಿಗೇ ಎಷ್ಟು ಸಲ ಕೈ ಬೀಸಿ ಹೇಳಿದ್ದೆನೋ! ಭಾನುವಾರ ಅಬ್ಬಾನ ಸೈಕಲ್ ತೆಗೆದುಕೊಂಡು ಹೊರಟೆ.

ಕಾಳೇಗೌಡ ಅಂಗಳದ ಬೇವಿನ ನೆರಳಲ್ಲಿ ಕೂತು ಪುಂಡಿ ನಾರು ಹೊಸೆಯುತ್ತಿದ್ದ. ಐವತ್ತರ ಆಸುಪಾಸಿನ ಗಟ್ಟಿ ಆಳು. ನನ್ನನ್ನು ಕಂಡು ಎದ್ದು ನಿಂತ.

"ಗಾಣದ ಸಾಬ್ರ ಮಗ ಅಲ್ವರಾ? ಬನ್ನಿ ಮೇಷ್ಟ್ರೆ, ಕುಂತ್ಕಳಿ." ಮಣೆ ಹಾಕಿ, ಒಳಗಿನಿಂದ ಮಜ್ಜಿಗೆ ತರಿಸಿದ. ಸಿದ್ದೇಗೌಡ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ಅವನಿದ್ದಾನೆಂದು ಮಾತ್ರ ಗೊತ್ತಾಗುತ್ತಿತ್ತು.

"ನನ್ನಿಂದ ತಪ್ಪಾಯಿತು ಗೌಡರೇ" ಎಂದೆ. "ನಿಮ್ಮ ಮಗನನ್ನು ಕಳಿಸಿಕೊಡಿ."

ಅವನು ಸ್ವಲ್ಪ ಹೊತ್ತು ನಾರು ಹೊಸೆದ. "ಕಳ್ಸಾದಿರ್ಲಿ. ಅದೇನೋ ಕತೆ ಮಾಡುದ್ರಂತಲ್ಲ. ನನ್ ಮಗ ಶಾಲೆ ಬುಡೋವಂತಾ ಕತೆ ಅದೇನದೆ, ಅಸ್ಟು ಯೋಳಿ. ಕೇಳವಾ."

ಹೇಳಿದೆ. ಅಷ್ಟು ವರ್ಷ ಪಾಠ ಮಾಡಿದವನು ಅವತ್ತಿನ ಹಾಗೆ ಯಾವತ್ತೂ ಹೆದರಿರಲಿಲ್ಲ. ಮುದಿರಾಜ, ಸರ್ಪ, ಬೆಂಕಿ ಎಲ್ಲ ಹೇಳಿ, ಹತ್ತು ಮಂದಿ ಓಡುವುದನ್ನು ದಾಟಿಸಿ, ನೇರವಾಗಿ ರಾಜ ಸಾಯುವುದಕ್ಕೆ ಬಂದೆ. ಕಾಳೇಗೌಡ ಕೈ ಎತ್ತಿದ.

"ನಡುವೆ ಬುಟ್ರಿ. ಅದ್ನೂ ಯೋಳಿ ಮೇಷ್ಟ್ರೆ, ನಾನೇನ್ ಮಗಾ ಅಲ್ಲ."

ಅದನ್ನೂ ಹೇಳಿದೆ, ತಲೆ ತಗ್ಗಿಸಿಕೊಂಡು. ಅವನು ಕೊನೆಯವರೆಗೂ ಕೇಳಿದ. ಆಮೇಲೆ ತನ್ನಷ್ಟಕ್ಕೇ ಲೆಕ್ಕ ಹಾಕುವವನಂತೆ ಕೇಳಿದ, "ಅಲ್ಲಾ, ರಾಜ ದೊಡ್ಡಾಳು. ಮೈ ಮ್ಯಾಲೆ ಕಬ್ಣದ ಅಂಗಿ ಬ್ಯಾರೆ. ನಿಂತೋನು ಒಬ್ನೆ, ಅವ್ನಿಗೂ ಮೈಯೆಲ್ಲಾ ಸುಟ್ಟದೆ. ಎಣ ಹೊತ್ತೋರು ಯಾರು?"

ಆ ಕಾವ್ಯವನ್ನು ಅರೆದು ಕುಡಿದಿದ್ದೆ, ಪರೀಕ್ಷೆಯಲ್ಲಿ ಅದರ ಮೇಲೆಯೇ ಒಳ್ಳೆಯ ಅಂಕ ತೆಗೆದಿದ್ದೆ, ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಹೊತ್ತವರ ಹೆಸರು ಕಾವ್ಯದಲ್ಲಿಲ್ಲ. ಆದರೆ ಓಡಿದವರು ನಾಚಿಕೆಯಿಂದ, ಗುರಾಣಿ ಹಿಡಿದುಕೊಂಡು, ಕಾಡಿನಿಂದ ಹಿಂದಿರುಗಿ ರಾಜ ಬಿದ್ದಿದ್ದಲ್ಲಿಗೆ ಬಂದರು ಎಂಬ ಮಾತಿದೆ. ಪಠ್ಯದಲ್ಲೂ ಒಂದು ಸಾಲಿತ್ತು. ನಾನು ಅದನ್ನು ಪ್ರತಿ ವರ್ಷ ಓದಿ ಹಾರಿಸುತ್ತಿದ್ದೆ. ಓಡುವುದನ್ನು ಹೇಳುವುದರಲ್ಲಿ ಇದ್ದ ಸೊಗಸು ಅದರಲ್ಲಿರಲಿಲ್ಲ.

"ಅವರು ತಿರುಗಿ ಬಂದರು ಗೌಡರೇ" ಎಂದೆ. "ಓಡಿದವರು. ತಲೆ ತಗ್ಗಿಸಿಕೊಂಡು ಬಂದರು ಅಂತ ಬರೆದಿದೆ. ಅವರೂ ಹೊತ್ತಿರಬೇಕು. ಅಲ್ಲಿ ಇನ್ಯಾರಿದ್ದರು?"

ಕಾಳೇಗೌಡ ನಾರನ್ನು ಪಕ್ಕಕ್ಕಿಟ್ಟ. "ನಾನೂ ಬಂದೆ ಕಣಪ್ಪ" ಎಂದ. "ಮೂರಾಳು ಬರ್ನಿಲ್ಲ. ನಾನು ಹಳ್ಳದ ಗಂಟ ಓಡ್ಬುಟ್ಟು, ಕಾಲೇ ಮುಂದಕ್ಕೋಗದೆ ತಿರೀಕಂಡೆ. ಪಟೇಲ್ರಿಗಿನ್ನೂ ಉಸ್ರಿತ್ತು. ನನ್ ತಲೆವಸ್ತ್ರ ಬಿಚ್ಚಿ ಹೊಟ್ಟೆಗ್ ಕಟ್ಟಿ, ಎಗಲ ಮ್ಯಾಲಾಕಂಡು ಕೆರೆ ಏರಿ ಗಂಟ ತಂದೆ. ಏರಿ ಮ್ಯಾಲೆ ಊರೋರು ಒಂದಿಬ್ರು ಬಂದು ಇಸ್ಕಂಡ್ರು. ಆಗ ಉಸ್ರು ನಿಂತಿತ್ತು. ಇಸ್ಕಂಡೋರೂ ಆ ಮಾತ ಎತ್ನಿಲ್ಲ, ನಾನೂ ಎತ್ನಿಲ್ಲ."

ಬಾಗಿಲ ಹಿಂದಿದ್ದ ಸಿದ್ದೇಗೌಡ ಹೊರಗೆ ಬಂದ. "ಇದ್ನ ಯಾಕಪ್ಪ ಯಾರ್ಗೂ ಯೋಳ್ನಿಲ್ಲ ನೀನು? ನನಗೂ ಯೋಳ್ನಿಲ್ವಲ್ಲ?"

"ಓಡಿದ್ದೂ ದಿಟ ಕಣ್ಲಾ" ಎಂದ ಅಪ್ಪ. "ಓಡಿದ್ದ ಬುಟ್ಟು ಹೊತ್ತಿದ್ದೊಂದ್ನೇ ಎಂಗ್ಲಾ ಯೋಳಾನೆ?"

ಹೊರಡುವಾಗ ಸಿದ್ದೇಗೌಡನ ಕೈಗೆ ಅವನ ಪಾಠದ ಪುಸ್ತಕ ಕೊಟ್ಟೆ. "ನಾಳೆ ಬತ್ತೀನಿ ಸಾ" ಎಂದ.

ಮಾರನೆಯ ದಿನ ಕ್ಲಾಸಿನಲ್ಲಿ ಏನು ಮಾಡಬೇಕೆಂದು ರೈಲಿನುದ್ದಕ್ಕೂ ಯೋಚಿಸಿದೆ, ಒಂದೂ ಸರಿಹೋಗಲಿಲ್ಲ. ಹಾಜರಿ ಕೂಗಿ ಮುಗಿಸಿ, "ಪಾಠ ಓದದೆ ಬಂದವರು ಕಾಡಿಗೆ ಹೋಗಬೇಕು ಅಲ್ಲವೇ? ಈ ಪಾಠವನ್ನು ಸರಿಯಾಗಿ ಓದದೆ ಬಂದವನು ನಾನು" ಎಂದು ಹೇಳಿ, ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತೆ. ಬೆಂಚು ಕುಟ್ಟುವ ಸದ್ದು ಬರಲಿಲ್ಲ. ಕಿಟಕಿಯಲ್ಲಿ ನಲವತ್ತು ಮುಖ. ಹೆಡ್‌ಮಾಸ್ಟರು ವರಾಂಡದಲ್ಲಿ ಬಂದವರು ನನ್ನನ್ನು ನೋಡಿ ನಿಂತರು.

"ಏನ್ರೀ ಇದು?"

"ಶಿಕ್ಷೆ ಸಾರ್."

"ಯಾರು ಕೊಟ್ಟದ್ದು?"

"ನಾನೇ ಸಾರ್."

ಅವರು ಗಡಿಯಾರ ನೋಡಿಕೊಂಡರು. "ಪೀರಿಯಡ್ ಮುಗಿಯೋದರೊಳಗೆ ಮುಗಿಸಿಕೊಳ್ಳಿ" ಎಂದು ಹೇಳಿ ಹೊರಟುಹೋದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ದಿನ.

ತಿರುಗಿ ಒಳಗೆ ಬಂದಾಗ ಸಿದ್ದೇಗೌಡ ಬೋರ್ಡಿನ ಮುಂದೆ ನಿಂತಿದ್ದ. ನನ್ನ ಹಳೆಯ ಸಾಲನ್ನು ಬರೆದು, ಅದರ ಕೆಳಗೆ ತನ್ನದೊಂದು ಸಾಲು ಬರೆದಿದ್ದ:

ಹೋದವರೇ ಹಿಂತಿರುಗಿ — ಹೆಣವ ಎತ್ತಿದರು.

ಏಟು ನಾಲ್ಕೂ ಸರಿಯಾಗಿ ಬಿದ್ದಿದ್ದವು. ನಾನು ಆ ಭಾಗವನ್ನು ಮೊದಲಿನಿಂದ ಪಾಠ ಮಾಡಿದೆ. ಈ ಸಲ ಹಿಂದಿರುಗಿ ಬರುವ ಸಾಲಿನ ಮೇಲೆಯೇ ಇಡೀ ಗಂಟೆ ನಿಂತೆ. ಅವರು ಬಂದದ್ದರಿಂದ ಓಡಿದ್ದು ಅಳಿಸಿಹೋಗುವುದಿಲ್ಲ, ಕಾವ್ಯ ಎರಡನ್ನೂ ಬರೆದಿಟ್ಟಿದೆ ಎಂದೆ. ಕಾಳೇಗೌಡನ ಹೆಸರು ಎತ್ತಲಿಲ್ಲ. ಅದು ನನ್ನ ಹಕ್ಕಲ್ಲ. ಗಂಟೆ ಹೊಡೆದ ಮೇಲೆ ಎಲ್ಲರೂ ಹೋದರೂ ರಾಮಲಿಂಗು ಕೂತೇ ಇದ್ದ. ಸಿದ್ದೇಗೌಡ ಅವನ ಬೆಂಚಿನ ಹತ್ತಿರ ಹೋಗಿ ನಿಂತ.

"ನಿಮ್ಮಪ್ಪನ ಕೆರೆ ಏರಿ ಗಂಟ ತಂದಿದ್ದು ನಮ್ಮಪ್ಪ ಕಣ್ಲಾ."

ರಾಮಲಿಂಗು ಸಿಡಿದೆದ್ದ. "ಬೊಗಳ್ಬ್ಯಾಡ ಕಣ್ಲಾ. ದಿಟವಾ ಅದು?"

"ನಿಮ್ಮವ್ವನ್ನೇ ಕೇಳೋಗು."

ಹೊಡೆದಾಡುತ್ತಾರೆಂದು ನಾನು ನಡುವೆ ಹೋದೆ. ರಾಮಲಿಂಗು ಪುಸ್ತಕವನ್ನೂ ಬಿಟ್ಟು ಹೊರಟುಹೋದ. ಶನಿವಾರ ಊರಿಗೆ ಹೋಗಿ ತಾಯಿಯನ್ನು ಕೇಳಿದನಂತೆ. ಆಕೆ ಪೆಟ್ಟಿಗೆ ತೆಗೆದು, ರಕ್ತದ ಕಲೆ ಕಪ್ಪಾಗಿದ್ದ ಒಂದು ತಲೆವಸ್ತ್ರ ಮುಂದಿಟ್ಟಳಂತೆ. "ನಿಮ್ಮಪ್ಪಂದಲ್ಲ ಇದು. ಯಾರ್ದು ಅಂತ ನಂಗೊತ್ತಿತ್ತು. ನನ್ನ ಯಾರಪ್ಪ ಕೇಳವ್ರೆ ಇಲ್ಲಿಗಂಟ?" ಎಂದಳಂತೆ. ಇದನ್ನು ರಾಮಲಿಂಗುವೇ ನನಗೆ ಹೇಳಿದ. ಅವನ ಕಣ್ಣು ಊದಿದ್ದವು. ನಾನು ಅವನ ತಲೆ ಸವರಿದೆ. ಅವನ ಮೇಲೂ ನನಗೆ ಸಿಟ್ಟಿರಲಿಲ್ಲ. ಅಪ್ಪನನ್ನು ಕಳೆದುಕೊಂಡಾಗ ಅವನಿಗೆ ನಾಲ್ಕು ವರ್ಷ.

ಪರೀಕ್ಷೆಗೆ ಇಬ್ಬರೂ ಕೂತರು. ಯುಗಾದಿ ಬಂತು. ಅದು ಕಳೆದ ಮೂರನೆಯ ದಿನ, ನಾನು ಅಬ್ಬಾನ ಅಂಗಡಿಯ ಮುಂದೆ ಕೂತಿದ್ದಾಗ, ಸಿದ್ದೇಗೌಡ ಬಂದ. ಕೈಯಲ್ಲಿ ಹಸಿರು ಮುತ್ತುಗದ ಎಲೆಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡಿದ್ದ. ಬಟ್ಟೆ ಬಿಚ್ಚಿ, ಎಲೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟ.

"ಪಾಲು ಬತ್ತು ಸಾ" ಎಂದ.

ನಾನು ಎಲೆಯನ್ನು ಮಡಿಲಲ್ಲಿಟ್ಟುಕೊಂಡು ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟೆ.

"ರಾಮಲಿಂಗುನೇ ತಂದ. 'ನಮ್ಮಪ್ಪನ ಹೊತ್ತೋರ ಮನೆಗೊಂದು ಗುಡ್ಡೆ ಹಾಕಿ' ಅಂತ ಊರ ಮುಂದೆ ನಿಂತ್ಕಂಡು ಕೇಳ್ದ. ಒಂದಿಬ್ರು ಗೊಣಗುದ್ರು. ಅವ್ರವ್ವ ಆ ತಲೆವಸ್ತ್ರ ತಂದು ನಡೂಕೆ ಮಡಗುದ್ರು. ಆಮ್ಯಾಕೆ ಯಾರೂ ಮಾತಾಡ್ನಿಲ್ಲ. ನಿಮ್ಗೂ ಒಂದ್ ಪಾಲು ಕಳಿಸ್ಬೇಕು ಅಂತ ಅಪ್ಪಂಗೆ ಆಸೆ. ನೀವು ಹಂದಿ ಬಾಡು ಮುಟ್ಟಕಿಲ್ವಲ್ಲ. ಅದ್ಕೇ ಎಲೆ ಕಳ್ಸವ್ರೆ. ಬಾಡು ಸೋಕಿಲ್ಲ ಸಾ ಇದ್ಕೆ. ಅದೇ ಎಲೆ ಕಟ್ಟಿಂದ ಮುಂಚೇನೇ ಒಂದೆಲೆ ತೆಗ್ದು, ತೊಳ್ದು, ಬ್ಯಾರೆ ಮಡಗಿದ್ರು."

ಅಬ್ಬಾ ಒಳಗಿನಿಂದ ಎದ್ದು ಬಂದು, ಕೈ ತೊಳೆದುಕೊಂಡು, ಎಲೆಯನ್ನು ಒಮ್ಮೆ ಮುಟ್ಟಿ ನೋಡಿದರು. ನನ್ನ ಕಣ್ಣು ತುಂಬಿದ್ದನ್ನು ಹುಡುಗನ ಎದುರು ಮರೆಮಾಚಲು ಹೋಗಲಿಲ್ಲ.

ಆ ವರ್ಷದ ನಂತರ ಹೊಂಗೆ ಮರಕ್ಕೆ ಯಾರನ್ನೂ ಶಿಕ್ಷೆಗೆಂದು ಕಳಿಸಲಿಲ್ಲ. ಆ ಪಾಠವಿದ್ದಾಗ ಕ್ಲಾಸನ್ನೇ ಅದರ ನೆರಳಿಗೆ ಕರೆದುಕೊಂಡು ಹೋಗುತ್ತಿದ್ದೆ. ತಡವಾಗಿ ಬಂದವನನ್ನು ಮೊದಲು ಯಾಕೆಂದು ಕೇಳುವುದನ್ನು ಕಲಿತೆ; ಮೇಡಂ ಆಗಿರುವ ನನ್ನ ಮೊಮ್ಮಗಳೂ ಇದನ್ನು ಮೊದಲ ದಿನವೇ ಕಲಿತರೆ ಒಳ್ಳೆಯದು, ನನಗೆ ಎಂಟು ವರ್ಷ ಹಿಡಿಯಿತು. ನಲವತ್ತೇಳರಲ್ಲಿ ಪಠ್ಯ ಬದಲಾಗಿ ಮುದಿರಾಜನ ಕಥೆಯೇ ಹೋಯಿತು. ಅದನ್ನು ಮತ್ತೆ ಪಾಠ ಮಾಡುವ ಸಂದರ್ಭ ನನಗೆ ಬರಲಿಲ್ಲ. ಎಲೆ ನನ್ನ ಹಳೆಯ ಇಂಗ್ಲಿಷಿನ ವ್ಯಾಕರಣ ಪುಸ್ತಕದೊಳಗೆ ಇದೆ. ಹಸಿರು ಹೋಗಿ ನರ ಮಾತ್ರ ಉಳಿದಿದೆ.

ಅವತ್ತು ಸಿದ್ದೇಗೌಡ ಹೊರಟು ನಿಂತಾಗ ನಾನು ಒಂದು ಮಾತು ಕೇಳಿದ್ದೆ: "ಪಾಲು ಬಂದಾಗ ನಿಮ್ಮಪ್ಪ ಏನಂದರು?"

"ಎಲೆ ಬಿಚ್ಚಿ ನೋಡ್ತಾ ಕುಂತಿದ್ರು ಸಾ. ರಾಮಲಿಂಗು ಹಿಂದೆ ಅವ್ರ ಮನೆ ನಾಯಿ ಬಂದಿತ್ತು. ಮೊದ್ಲನೆ ತುಂಡ ತಗ್ದು ಅದ್ಕಾಕುದ್ರು. 'ನಿಮ್ಮೋರು ಓಡ್ನಿಲ್ಲ ಕಣಪ್ಪ, ನೀನ್ ಮೊದ್ಲು ತಿನ್ನು' ಅಂದ್ರು."